ಎಚ್. ಪೈಲೋರಿ ಪಾಸಿಟಿವ್ ಬಂದಿದೆ. 14 ದಿನ ಆಂಟಿಬಯೋಟಿಕ್ ತಗೊಂಡರೆ ಹೊಟ್ಟೆಯೊಳಗಿನ ಒಳ್ಳೆ ಬ್ಯಾಕ್ಟೀರಿಯಾ ಗತಿ ಏನು?

ಕತ್ರಿಗುಪ್ಪೆ_ಕಾಫಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ.

ನನಗೆ 34 ವರ್ಷ. ಆರೇಳು ವರ್ಷದಿಂದ ಗ್ಯಾಸ್ಟ್ರಿಕ್. ಗ್ಯಾಸ್ಟ್ರಿಕ್ ಅಂದರೆ ನಮ್ಮಲ್ಲಿ ಎಲ್ಲದಕ್ಕೂ ಅದೇ ಹೆಸರು ತಾನೇ. ನನ್ನದು ಏನಂದರೆ ಹೊಟ್ಟೆ ಖಾಲಿ ಇದ್ದಾಗ ಎದೆಗೂಡಿನ ಕೆಳಗೆ ಸುಟ್ಟ ಹಾಗೆ ನೋವು, ಹುಳಿ ತೇಗು, ಸಂಜೆ ಆಗುತ್ತಿದ್ದ ಹಾಗೆ ಹೊಟ್ಟೆ ಉಬ್ಬರ. ಬೆಳಗ್ಗೆ ಎದ್ದು ಆಸಿಡ್ ಕಡಿಮೆ ಮಾಡುವ ಒಂದು ಪ್ಯಾಂಟೊಪ್ರಜೋಲ್ ಮಾತ್ರೆ ನುಂಗಿ, ಅರ್ಧ ಗಂಟೆ ಕಾದು, ಫಿಲ್ಟರ್ ಕಾಫಿ ಕುಡಿದು ಆಫೀಸಿಗೆ ಹೊರಡುವುದು ಅಭ್ಯಾಸವೇ ಆಗಿಹೋಗಿದೆ. ಮೆಡಿಕಲ್ ಶಾಪ್ ಹುಡುಗ ನನ್ನ ಮುಖ ಕಂಡರೆ ಸಾಕು, ಕೇಳುವ ಮೊದಲೇ ಸ್ಟ್ರಿಪ್ ತೆಗೆದಿಡುತ್ತಾನೆ.

ಎರಡು ತಿಂಗಳಿಂದ ರಾತ್ರಿ 2 ಗಂಟೆಗೆ ನೋವಿನಿಂದ ಎಚ್ಚರ ಆಗಲು ಶುರುವಾಯಿತು. ಎಂಡೋಸ್ಕೋಪಿ ಮಾಡಿಸಲೇಬೇಕು ಅಂದರು ಡಾಕ್ಟರು. ಅದಕ್ಕೆ ಎರಡು ವಾರ ಮುಂಚೆ ಪ್ಯಾಂಟೊಪ್ರಜೋಲ್ ನಿಲ್ಲಿಸಿ ಅಂದಿದ್ದರು, ಆ ಎರಡು ವಾರ ನರಕ. ಸಣ್ಣ ಕರುಳಿನ ಶುರುವಿನಲ್ಲೇ ಒಂದು ಸಣ್ಣ ಹುಣ್ಣು ಇದೆಯಂತೆ. ಹೊಟ್ಟೆಯೊಳಗಿಂದ ಸಾಸಿವೆ ಕಾಳಿಗಿಂತ ಚಿಕ್ಕ ಚೂರು ಚರ್ಮ ತೆಗೆದು, ಹಳದಿ ಅಂಟಿನ ಥರದ್ದು ಇರುವ ಒಂದು ಪುಟ್ಟ ಪ್ಲಾಸ್ಟಿಕ್ ಬಿಲ್ಲೆಯೊಳಗೆ ಇಟ್ಟರು. ನಾನು ಮಂಪರಿನಿಂದ ಎದ್ದು, ಹೊರಗೆ ಕೂತು, ಗಂಡ ತಂದುಕೊಟ್ಟ ಎಳನೀರು ಕುಡಿದು ಮುಗಿಸುವಷ್ಟರಲ್ಲಿ ಆ ಹಳದಿ ಪೂರ್ತಿ ರಾಣಿ ಬಣ್ಣ ಆಗಿತ್ತು. ಸಿಸ್ಟರ್ ಕರೆದು ತೋರಿಸಿದರು. ರೇಷ್ಮೆ ಸೀರೆ ಅಂಚಿನಲ್ಲಿ ಇರುತ್ತಲ್ಲ, ಅದೇ ರಾಣಿ ಬಣ್ಣ. "ಪೈಲೋರಿ ಇದೆ ಮೇಡಂ" ಅಂದರು. ಹೊಟ್ಟೆಯಲ್ಲಿ ಸೇರಿಕೊಂಡು ಹುಣ್ಣು ತರುವ ಬ್ಯಾಕ್ಟೀರಿಯಾ ಅಂತೆ.

ಈಗ 14 ದಿನದ ಕಿಟ್ ಕೊಟ್ಟಿದ್ದಾರೆ. ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್, ಜೊತೆಗೆ ಆಸಿಡ್ ಕಡಿಮೆ ಮಾಡುವ ಮಾತ್ರೆ. ಬೆಳಗ್ಗೆ, ರಾತ್ರಿ. ಇನ್ನೂ ಶುರು ಮಾಡಿಲ್ಲ, ಯಾಕಂದರೆ ತಲೆಯಲ್ಲಿ ಮೂರು ಹುಳ ಬಿಟ್ಟಿದ್ದಾರೆ.

ಒಂದು, ಜಿಮ್‌ನಲ್ಲಿರುವ ಡಯಟ್ ಹೇಳುವವರು. "ಇಷ್ಟು ಆಂಟಿಬಯೋಟಿಕ್ ತಗೊಂಡರೆ ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಎಲ್ಲ ಸತ್ತುಹೋಗುತ್ತೆ, ಮೊದಲು ಸ್ಟೂಲ್ ಟೆಸ್ಟ್ ಮಾಡಿಸಿ, ನಿಮ್ಮ ಬ್ಯಾಕ್ಟೀರಿಯಾ ಸ್ಕೋರ್ ನೋಡೋಣ, ಆಮೇಲೆ ಒಳ್ಳೆ ಬ್ಯಾಕ್ಟೀರಿಯಾ ಇರುವ ನಮ್ಮ ಪ್ರೋಬಯೋಟಿಕ್ ಪುಡಿ ಮೂರು ತಿಂಗಳು" ಅಂತಾರೆ. ಟೆಸ್ಟು, ಪುಡಿ ಸೇರಿ ಒಂದು ತಿಂಗಳ ಮನೆ ಬಾಡಿಗೆ ಆಗುತ್ತೆ.

ಎರಡು, ನಮ್ಮ ಭಾವ. ಯಾರೋ ಡಾಕ್ಟರ್ ಇದೇ ಬ್ಯಾಕ್ಟೀರಿಯಾ ಕುಡಿದು ನೊಬೆಲ್ ತಗೊಂಡ, ಏನೂ ಆಗಲ್ಲ ಕಣಮ್ಮ ಅಂತಾರೆ. ನಿಜವಾ ಇದು?

ಮೂರು, ಗಂಡ ಮತ್ತು ಮಗಳಿಗೂ ಟೆಸ್ಟ್ ಮಾಡಿಸಬೇಕಾ?

ಗೊತ್ತಿರೋರು ಹೇಳಿ ಪ್ಲೀಸ್.

*

ಪೇಟೆ_ತಾತ:

ಮೊದಲು ಮಾತ್ರೆ ಶುರು ಮಾಡಮ್ಮ, ಆಮೇಲೆ ಚರ್ಚೆ.

ನನಗೆ 71. ನಮ್ಮ ತಂದೆಯವರಿಗೆ ಇದೇ ಹುಣ್ಣು ಇತ್ತು. ಆಗೆಲ್ಲ ಇದಕ್ಕೆ ಟೆನ್ಷನ್ ಕಾರಣ, ಖಾರ ಕಾರಣ. ಚಾಮರಾಜಪೇಟೆಯಲ್ಲಿ ಸಣ್ಣ ಅಂಗಡಿ, ಏಳು ಮಕ್ಕಳು, ಟೆನ್ಷನ್ ಇಲ್ಲದೆ ಹೇಗಿರಬೇಕಿತ್ತೋ ಗೊತ್ತಿಲ್ಲ. ಎರಡೆರಡು ಗಂಟೆಗೆ ಒಂದು ಲೋಟ ಹಾಲು ಕುಡಿಯಿರಿ ಅಂದಿದ್ದರು. ನಮ್ಮಮ್ಮ ರಾತ್ರಿ ಕೂಡ ಎದ್ದು ಹಾಲು ಕಾಯಿಸಿ ಕೊಡುತ್ತಿದ್ದರು. ಮನೆಯಲ್ಲಿ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದರೆ ಜಗಳ. ಕೊನೆಗೆ ಆಪರೇಷನ್. ಆಗಿನ ಕಾಲದ ಆಪರೇಷನ್ ಅಂದರೆ, ಆಸಿಡ್ ಬರಿಸುವ ನರ ಕತ್ತರಿಸಿ ಹೊಟ್ಟೆಗೂ ಕರುಳಿಗೂ ಹೊಸ ದಾರಿ ಹೊಲಿಯುವುದು. ಎದೆ ಕೆಳಗಿಂದ ಹೊಕ್ಕುಳವರೆಗೆ ಗಾಯದ ಗುರುತು. ಆಮೇಲೆ ಅವರು ಒಂದು ದಿನವೂ ಹೊಟ್ಟೆ ತುಂಬ ಉಂಡಿದ್ದು ನಾನು ನೋಡಿಲ್ಲ. ನಾಲ್ಕು ತುತ್ತಿಗೆ ಬೆವರಿ ಕೂರುತ್ತಿದ್ದರು.

ನನಗೂ ಅದೇ ನೋವು ಬಂತು, 2003ರಲ್ಲಿ. ಎರಡು ವಾರ ಮಾತ್ರೆ ನುಂಗಿದೆ. ಬಾಯೆಲ್ಲ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ ಇತ್ತು. ಅಷ್ಟೇ. ಮುಗಿಯಿತು. ಇವತ್ತಿಗೂ ಮೆಣಸಿನಕಾಯಿ ಬಜ್ಜಿ ತಿನ್ನುತ್ತೇನೆ.

ನಮ್ಮಪ್ಪನಿಗೆ ಈ ಕಿಟ್ ಸಿಕ್ಕಿದ್ದರೆ ಅಂತ ಅನ್ನಿಸುತ್ತಲೇ ಇರುತ್ತೆ.

*

ಪೆಟ್ರಿ_ತಟ್ಟೆ:

ತಾತ ಹೇಳಿದ್ದು ನೂರಕ್ಕೆ ನೂರು. ಹುಣ್ಣು ಕಂಡಿದೆ, ಪೈಲೋರಿ ಕಂಡಿದೆ, ಇದರಲ್ಲಿ ಯೋಚನೆ ಮಾಡುವಂಥದ್ದು ಏನಿಲ್ಲ.

ನಾನು ಡಾಕ್ಟರ್ ಅಲ್ಲ. ಕರುಳಿನ ಬ್ಯಾಕ್ಟೀರಿಯಾ ಮೇಲೆ ಕೆಲಸ ಮಾಡುವ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ ಇದ್ದೆ. ನನ್ನ ಕೆಲಸ ಡಬ್ಬಿ ತರುವುದು, ತೂಕ ಹಾಕುವುದು, ಡಿಎನ್‌ಎ ತೆಗೆಯುವುದು. ಯಾವ ಡಬ್ಬಿ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಮದುವೆ ಮನೆಗಳಲ್ಲಿ "ಏನು ಕೆಲಸ ಮಾಡ್ತೀಯಪ್ಪ" ಅಂತ ಯಾರಾದರೂ ಕೇಳಿದರೆ ಅಮ್ಮ ಮಾತು ಬದಲಾಯಿಸುತ್ತಿದ್ದರು.

ನಿಮ್ಮ ಭಾವ ಹೇಳಿದ್ದು ನಿಜ, ಆದರೆ ಅರ್ಧ. ಪೂರ್ತಿ ಹೇಳುತ್ತೇನೆ, ಯಾಕಂದರೆ ಇದೇ ಅರ್ಧ ಕಥೆ ಇಟ್ಟುಕೊಂಡು ತುಂಬ ಜನ ಪುಡಿ ಮಾರುತ್ತಾರೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಅಂತ ಒಬ್ಬ ಪೆಥಾಲಜಿಸ್ಟ್ ಇದ್ದರು. 1979ರಲ್ಲಿ ಒಬ್ಬ ರೋಗಿಯ ಹೊಟ್ಟೆಯ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡುವಾಗ ಬಾಗಿದ ಸಣ್ಣ ಬ್ಯಾಕ್ಟೀರಿಯಾಗಳು ಕಂಡವು. ಆಗ ಎಲ್ಲರೂ ನಂಬಿದ್ದು, ಅಷ್ಟು ಆಸಿಡ್ ಇರುವ ಕಡೆ ಯಾವ ಬ್ಯಾಕ್ಟೀರಿಯಾನೂ ಬದುಕಲ್ಲ ಅಂತ. ವಾರೆನ್ ಬಿಡಲಿಲ್ಲ, ನೋಡುತ್ತಾ ಹೋದರು. ಹೊಟ್ಟೆಯ ಒಳಪದರ ಊದಿಕೊಂಡಿರುವ ಕಡೆಯೆಲ್ಲ ಅವು ಇದ್ದವು. 1981ರಲ್ಲಿ ಬ್ಯಾರಿ ಮಾರ್ಷಲ್ ಅನ್ನುವ ಯುವ ಡಾಕ್ಟರ್ ಜೊತೆಗೆ ಸೇರಿದರು.

ಇಬ್ಬರೂ ಅದನ್ನು ತಟ್ಟೆಯಲ್ಲಿ ಬೆಳೆಸಲು ನೋಡಿದರು. ಮೂವತ್ತಕ್ಕೂ ಜಾಸ್ತಿ ರೋಗಿಗಳ ಚೂರು ಹಾಕಿದರೂ ಏನೂ ಬೆಳೆಯಲಿಲ್ಲ. ಯಾಕೆ ಅಂದರೆ ಲ್ಯಾಬಿನವರು ಎರಡು ದಿನ ನೋಡಿ ತಟ್ಟೆ ಎಸೆಯುತ್ತಿದ್ದರು. ಮಾಮೂಲಿ ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು. 1982ರ ಈಸ್ಟರ್ ರಜೆಯಲ್ಲಿ ತಟ್ಟೆ ಎಸೆಯಲು ಯಾರೂ ಇರಲಿಲ್ಲ. ರಜೆ ಮುಗಿಸಿ ಬಂದು ನೋಡಿದರೆ ಬೆಳೆದಿತ್ತು. ನಮ್ಮ ಊರಿನ ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟು ರಾತ್ರಿ ಕಳೆದರೂ ಉಕ್ಕಲ್ಲ ನೋಡಿ, ಬೆಳಗ್ಗೆ ಎದ್ದು ಕೆಟ್ಟುಹೋಯಿತು ಅಂತ ಚೆಲ್ಲಿದರೆ ಹೇಗೋ ಹಾಗೆ. ಇನ್ನೊಂದು ಹೊತ್ತು ಬಿಟ್ಟಿದ್ದರೆ ಉಕ್ಕುತ್ತಿತ್ತು.

ಆಮೇಲೆ ಹಂದಿಮರಿಗಳಿಗೆ ಕೊಟ್ಟು ನೋಡಿದರು, ಅವಕ್ಕೆ ಅಂಟಲಿಲ್ಲ. 1984ರಲ್ಲಿ ಮಾರ್ಷಲ್ ಮೊದಲು ತಾವೇ ಎಂಡೋಸ್ಕೋಪಿ ಮಾಡಿಸಿಕೊಂಡು, ಹೊಟ್ಟೆ ಚೆನ್ನಾಗಿದೆ ಅಂತ ಖಾತ್ರಿ ಮಾಡಿಕೊಂಡು, ಬೆಳೆಸಿದ ಬ್ಯಾಕ್ಟೀರಿಯಾವನ್ನು ಕುಡಿದೇಬಿಟ್ಟರು. ಹೆಂಡತಿಗೆ ಹೇಳಿದ್ದು ಆಮೇಲೆ. ಕೆಲವೇ ದಿನದಲ್ಲಿ ವಾಂತಿ, ಬಾಯಿ ದುರ್ವಾಸನೆ. ಎರಡು ವಾರದೊಳಗೆ ಮತ್ತೆ ಕ್ಯಾಮರಾ ಬಿಟ್ಟು ನೋಡಿದರೆ ಒಳಪದರ ಊದಿಕೊಂಡಿತ್ತು, ಬ್ಯಾಕ್ಟೀರಿಯಾನೂ ಸಿಕ್ಕಿತು. ಅಂದರೆ "ಏನೂ ಆಗಲ್ಲ" ಅನ್ನೋದು ಸುಳ್ಳು, ಚೆನ್ನಾಗಿಯೇ ಆಯಿತು. ಭಾವನಿಗೆ ಹೇಳಿ.

ಇಲ್ಲಿಗೆ ಎಲ್ಲರೂ ಕಥೆ ನಿಲ್ಲಿಸುತ್ತಾರೆ. ಆದರೆ ಮಾರ್ಷಲ್‌ಗೆ ಹುಣ್ಣು ಬರಲಿಲ್ಲ, ಬಂದಿದ್ದು ಗ್ಯಾಸ್ಟ್ರೈಟಿಸ್, ಅಂದರೆ ಹೊಟ್ಟೆಯ ಒಳಪದರದ ಊತ. ಒಬ್ಬ ಮನುಷ್ಯ ಒಂದು ಲೋಟ ಕುಡಿದಿದ್ದರಿಂದ ಹುಣ್ಣಿನ ವಿಷಯ ಸಾಬೀತಾಗಲ್ಲ. ಸಾಬೀತು ಮಾಡಿದ್ದು ಬೋರು ಹೊಡೆಸುವ ಕೆಲಸ. 1988ರಲ್ಲಿ ಅವರು ಹುಣ್ಣಿದ್ದ 100 ಜನರ ಮೇಲೆ ಮಾಡಿದ ಪರೀಕ್ಷೆ ಪ್ರಕಟವಾಯಿತು. ಬ್ಯಾಕ್ಟೀರಿಯಾ ಉಳಿದವರಲ್ಲಿ, ವಾಸಿಯಾದ ಹುಣ್ಣು ಒಂದು ವರ್ಷದೊಳಗೆ ಮತ್ತೆ ಬಂದಿದ್ದು ನೂರಕ್ಕೆ 84 ಮಂದಿಗೆ. ಬ್ಯಾಕ್ಟೀರಿಯಾ ಹೋದವರಲ್ಲಿ 21 ಮಂದಿಗೆ. ಯಾರಿಗೆ ಯಾವ ಮಾತ್ರೆ ಅಂತ ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಹೀಗೆ ಬೇರೆ ಬೇರೆ ಕಡೆ ಮಾಡಿ ಮಾಡಿ 1994ರಲ್ಲಿ ಅಮೆರಿಕದ ಆರೋಗ್ಯ ಸಂಸ್ಥೆಯ ಸಮಿತಿ ಹುಣ್ಣಿಗೆ ಆಂಟಿಬಯೋಟಿಕ್ ಕೊಡಿ ಅಂತ ಹೇಳಿತು. ನೊಬೆಲ್ ಬಂದಿದ್ದು 2005ರಲ್ಲಿ, ಇಬ್ಬರಿಗೂ.

ನೀವು ನೋಡಿದ ರಾಣಿ ಬಣ್ಣ ಇದೆಯಲ್ಲ, ಅದು ಈ ಬ್ಯಾಕ್ಟೀರಿಯಾ ಆಸಿಡ್‌ನಲ್ಲಿ ಬದುಕುವ ಗುಟ್ಟು. ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ, ತನ್ನ ಸುತ್ತ ಆಸಿಡ್ ಸಾಯಿಸಿಕೊಂಡು ಕೂರುತ್ತೆ. ಆ ಹಳದಿ ಅಂಟಿನಲ್ಲಿ ಯೂರಿಯಾ ಇರುತ್ತೆ. ಅಮೋನಿಯಾ ಆದ ಕೂಡಲೇ ಬಣ್ಣ ತಿರುಗುತ್ತೆ. ನಿಮ್ಮ ಕಣ್ಣೆದುರೇ ಅದು ಸಿಕ್ಕಿಬಿತ್ತು.

ಈಗ ಜಿಮ್‌ನವರ ವಿಷಯ. ಇಂಥವರೆಲ್ಲ ಹೇಳುವುದು ಒಂದೇ: "ಮಾರ್ಷಲ್‌ನ ನೋಡಿಯೂ ಜನ ನಕ್ಕಿದ್ದರು." ಸರಿ ಸ್ವಾಮಿ, ನಕ್ಕಿದ್ದರು. ಆದರೆ ಅದು ಒಂದು ಬ್ಯಾಕ್ಟೀರಿಯಾ, ಒಂದು ಕಾಯಿಲೆ, ತೆಗೆದರೆ ವಾಸಿ. ದೊಡ್ಡ ಕರುಳಿನಲ್ಲಿ ಇರುವುದು ಹಾಗಲ್ಲ. ಅಲ್ಲಿ ನೂರಾರು ಜಾತಿ. ನಮ್ಮ ಮೈಯಲ್ಲಿರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಅಂತ 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಲೆಕ್ಕ ಹಾಕಿದರು, ನಮ್ಮದೇ ಜೀವಕೋಶ ಸುಮಾರು 30 ಲಕ್ಷ ಕೋಟಿ. ಎಲ್ಲ ಸೇರಿ ತೂಕ ಕಾಲು ಕೇಜಿಗಿಂತ ಕಡಿಮೆ. "ಬ್ಯಾಕ್ಟೀರಿಯಾ ನಮ್ಮ ಕೋಶಕ್ಕಿಂತ ಹತ್ತು ಪಟ್ಟು" ಅಂತ ಜಾಹೀರಾತಿನಲ್ಲಿ ಬರುತ್ತಲ್ಲ, ಅದು ಹಳೇ ಅಂದಾಜು.

ಸ್ಕೋರ್ ಬಗ್ಗೆ ಒಂದು ಮಾತು. ನಮ್ಮ ಲ್ಯಾಬಿಗೆ ಎಲೆಕ್ಟ್ರಾನಿಕ್ ಸಿಟಿ ಕಡೆಯಿಂದ ಡಬ್ಬಿಗಳು ಐಸ್ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಒಂದು ದಿನ ಮಳೆ, ಸಿಲ್ಕ್ ಬೋರ್ಡ್‌ನಲ್ಲಿ ಗಾಡಿ ಎರಡೂವರೆ ಗಂಟೆ ನಿಂತಿತು. ಪೆಟ್ಟಿಗೆ ತೆಗೆದರೆ ಐಸ್ ನೀರಾಗಿದೆ, ಡಬ್ಬಿ ಬೆಚ್ಚಗಿದೆ, ಒಂದರ ಮುಚ್ಚಳ ಉಬ್ಬಿದೆ. ಬೆಚ್ಚಗಾದರೆ ಕೆಲವು ಜಾತಿ ಅಲ್ಲೇ ಬೆಳೆದುಬಿಡುತ್ತವೆ. ಅದರಿಂದ ತೆಗೆಯುವ ಲೆಕ್ಕ ನಿಮ್ಮ ಹೊಟ್ಟೆಯ ಲೆಕ್ಕವೋ ಸಿಲ್ಕ್ ಬೋರ್ಡಿನ ಲೆಕ್ಕವೋ ದೇವರೇ ಬಲ್ಲ. ಅವತ್ತಿನದನ್ನೆಲ್ಲ ನಮ್ಮ ಮೇಡಂ ಎಸೆಯಿಸಿದರು.

ಸರಿಯಾಗಿ ಬಂದ ಡಬ್ಬಿಯಲ್ಲೂ ಸಿಗುವುದು ಶೇಕಡಾವಾರು ಲೆಕ್ಕ ಮಾತ್ರ. ಕೆ.ಆರ್. ಮಾರ್ಕೆಟ್‌ನಲ್ಲಿ ನೂರು ಜನರಲ್ಲಿ ಹೂವಿನವರು 30 ಇದ್ದವರು 50 ಆದರು ಅನ್ನಿ. ಹೂವಿನವರು ಜಾಸ್ತಿ ಆದರಾ, ಅಥವಾ ತರಕಾರಿಯವರು ಇವತ್ತು ಬರಲಿಲ್ಲವಾ? ಆ ಸಂಖ್ಯೆ ನೋಡಿದರೆ ಗೊತ್ತಾಗಲ್ಲ. ಸಕ್ಕರೆ ಕಾಯಿಲೆಗೆ ಇರುವ ಹಾಗೆ "ಇಷ್ಟಿದ್ದರೆ ನಾರ್ಮಲ್" ಅನ್ನುವ ಗೆರೆ ಇಲ್ಲಿ ಯಾರೂ ಎಳೆದಿಲ್ಲ. ಸಂಶೋಧನೆಗೆ ಇದು ಚಿನ್ನದಂಥ ಕೆಲಸ, ನೂರಾರು ಜನರನ್ನು ಹೋಲಿಸಬಹುದು. ಒಬ್ಬರ ಕೈಗೆ ಸ್ಕೋರ್ ಕೊಟ್ಟು ಪುಡಿ ಮಾರುವುದು ಬೇರೆ ವ್ಯಾಪಾರ.

ಆಂಟಿಬಯೋಟಿಕ್ ಆದ ಮೇಲೆ ಪುಡಿ? 2018ರಲ್ಲಿ ಅದೇ ವೈಜ್‌ಮನ್‌ನವರು 21 ಜನಕ್ಕೆ ಆಂಟಿಬಯೋಟಿಕ್ ಕೊಟ್ಟು ಮೂರು ಗುಂಪು ಮಾಡಿದರು. ಪ್ರೋಬಯೋಟಿಕ್ ತಿಂದ ಗುಂಪಿನಲ್ಲಿ ಅವರ ಹಳೇ ಬ್ಯಾಕ್ಟೀರಿಯಾ ವಾಪಸ್ ಬರುವುದು ತಿಂಗಳುಗಟ್ಟಲೆ ತಡವಾಯಿತು, ಸುಮ್ನೆ ಬಿಟ್ಟವರಿಗಿಂತ ತಡ. ಚಿಕ್ಕ ಪ್ರಯೋಗ, ಎಲ್ಲರೂ ಆರೋಗ್ಯವಂತರು, ಆದ್ದರಿಂದ ಇದನ್ನೂ ವೇದವಾಕ್ಯ ಮಾಡಬೇಡಿ. ಮಾತ್ರೆಯಿಂದ ಬೇಧಿ ಜಾಸ್ತಿ ಆದರೆ ಡಾಕ್ಟರೇ ಒಂದು ಪ್ರೋಬಯೋಟಿಕ್ ಬರೆದುಕೊಡಬಹುದು, ಅದಕ್ಕೆ ಆಧಾರ ಇದೆ, ತಗೊಳ್ಳಿ. ಮೂರು ತಿಂಗಳ ಪ್ಯಾಕೇಜ್ ಬೇಡ. ಕರುಳಿನ ಜನ ಹೆಚ್ಚುಕಡಿಮೆ ತಾವಾಗಿಯೇ ವಾಪಸ್ ಬರುತ್ತಾರೆ.

ಒಂದೇ ಬೇಡಿಕೆ: ಐದು ದಿನಕ್ಕೆ ನೋವು ಹೋಯಿತು ಅಂತ ನಿಲ್ಲಿಸಬೇಡಿ. ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ ಪೈಲೋರಿ ಈಗಾಗಲೇ ನಮ್ಮ ದೇಶದಲ್ಲಿ ಇದೆ. ಅರ್ಧ ಕೋರ್ಸ್ ಮಾಡಿದರೆ ನಿಮ್ಮ ಹೊಟ್ಟೆಯಲ್ಲೂ ಅದನ್ನೇ ಸಾಕಿದ ಹಾಗೆ.

*

ಮೂಲಂಗಿ_ಹುಳಿ:

ಬ್ಯಾಕ್ಟೀರಿಯಾ ಕುಡಿದರೆ ನೊಬೆಲ್ ಕೊಡುತ್ತಾರೆ ಅಂದರೆ ನಾನು 20 ವರ್ಷದಿಂದ ವಿ.ವಿ. ಪುರಂನಲ್ಲಿ ಪಾನಿಪೂರಿ ನೀರು ಕುಡಿಯುತ್ತಾ ಇದ್ದೇನೆ, ಎಲ್ಲಿಗೆ ಅರ್ಜಿ ಹಾಕಬೇಕು ಹೇಳಿ.

*

ಮಲ್ಲೇಶ್ವರದ_ಅಕ್ಕ:

ಪೆಟ್ರಿ ಅವರೇ, "ಒಂದು ಬ್ಯಾಕ್ಟೀರಿಯಾ ಒಂದು ಕಾಯಿಲೆ" ಅಂದಿರಲ್ಲ, ನಮ್ಮ ಮನೆ ಕಥೆ ಅದರ ಉಲ್ಟಾ. ಅದಕ್ಕೇ ಬರೆಯುತ್ತಾ ಇದ್ದೇನೆ.

ನಮ್ಮ ಯಜಮಾನರಿಗೆ ಕ್ರೋನ್ಸ್, ಕರುಳು ಊದಿಕೊಂಡು ಹುಣ್ಣಾಗುವ, ವರ್ಷಗಟ್ಟಲೆ ಇರುವ ಕಾಯಿಲೆ. ಶುರುವಿನಲ್ಲಿ ಜ್ವರ, ಹೊಟ್ಟೆನೋವು, 11 ಕೇಜಿ ಇಳಿದರು. ಸ್ಕೋಪ್ ಮಾಡಿ, ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲಿ ಹುಣ್ಣು ನೋಡಿ, ಕರುಳಿನ ಟಿಬಿ ಅಂದರು. ತಿಂಗಳುಗಟ್ಟಲೆ ಟಿಬಿ ಮಾತ್ರೆ. ಮೂತ್ರ ಕಿತ್ತಳೆ ಬಣ್ಣ, ಊಟ ಸೇರುತ್ತಿರಲಿಲ್ಲ, ಆದರೂ "ಸ್ವಲ್ಪ ವಾಸಿ ಅನ್ನಿಸುತ್ತೆ" ಅನ್ನುತ್ತಿದ್ದರು, ನನ್ನ ಸಮಾಧಾನಕ್ಕೆ. ಮತ್ತೆ ಸ್ಕೋಪ್ ಮಾಡಿದರೆ ಹುಣ್ಣು ಹಾಗೇ ಇದೆ. ಆಗ ಇನ್ನೊಬ್ಬ ಡಾಕ್ಟರು ಕ್ರೋನ್ಸ್ ಅಂದರು. ಮೊದಲನೇ ಡಾಕ್ಟರ ಮೇಲೆ ಎಷ್ಟು ಕೋಪ ಬಂದಿತ್ತು ಅಂದರೆ ಹೇಳಲಾರೆ. ಆಮೇಲೆ ಗೊತ್ತಾಯಿತು, ನಮ್ಮ ದೇಶದಲ್ಲಿ ಎರಡೂ ನೋಡಲು ಒಂದೇ ಥರ, ಬಯಾಪ್ಸಿಯಲ್ಲೂ ಗೊಂದಲ, ಮೊದಲು ಟಿಬಿ ಮಾತ್ರೆ ಕೊಟ್ಟು ನೋಡುವುದು ತುಂಬ ಕಡೆ ಇದೆ ಅಂತ. ಯಾಕಂದರೆ ಟಿಬಿ ಇದ್ದು ಕ್ರೋನ್ಸ್ ಔಷಧಿ ಕೊಟ್ಟರೆ ಟಿಬಿ ಹಬ್ಬುತ್ತೆ. ಕೋಪ ಪೂರ್ತಿ ಹೋಗಿಲ್ಲ. ಇದನ್ನು ಶುರುವಿನಲ್ಲೇ ಕೂರಿಸಿ ಹೇಳಿದ್ದರೆ ಐದು ನಿಮಿಷ ಸಾಕಿತ್ತು.

ಈಗ ಪರವಾಗಿಲ್ಲ. ಆದರೆ ವಾರಕ್ಕೊಬ್ಬರು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಕ್ರೋನ್ಸ್‌ಗೆ ಕಾರಣವಾದ ಬ್ಯಾಕ್ಟೀರಿಯಾ ಸಿಕ್ಕಿದೆ ಅಂತ. ಮೊನ್ನೆ ನಮ್ಮ ನಾದಿನಿ, ಬೇರೆಯವರ ಮಲ ತಗೊಂಡು ಮನೆಯಲ್ಲೇ ಎನಿಮಾ ಕೊಡಬಹುದಂತೆ ಅಂತ ವಿಡಿಯೋ ಕಳಿಸಿದರು. ಊಟದ ಹೊತ್ತಿಗೆ. ಇದರಲ್ಲಿ ಏನಾದರೂ ನಿಜ ಇದೆಯಾ?

*

ಪೆಟ್ರಿ_ತಟ್ಟೆ:

ಅಕ್ಕ, ಮನೆಯಲ್ಲಿ ಖಂಡಿತ ಬೇಡ. ನಾದಿನಿಯವರಿಗೆ ನನ್ನ ಹೆಸರು ಹೇಳಿ ಬೈಯಿರಿ.

ಚಿಕಿತ್ಸೆ ಸುಳ್ಳಲ್ಲ. ಆಸ್ಪತ್ರೆಯಲ್ಲಿ ಆಂಟಿಬಯೋಟಿಕ್ ತಗೊಂಡವರಿಗೆ ಕೆಲವೊಮ್ಮೆ ಸಿ. ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ಕರುಳನ್ನು ಆಕ್ರಮಿಸಿ ನಿಲ್ಲದ ಬೇಧಿ ತರುತ್ತೆ, ಮಾತ್ರೆ ಕೊಟ್ಟರೆ ಹೋಗುತ್ತೆ, ಮತ್ತೆ ಬರುತ್ತೆ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಅಂಥ 16 ಜನಕ್ಕೆ ಆರೋಗ್ಯವಂತರ ಮಲವನ್ನು ನೀರಿನಲ್ಲಿ ಕದಡಿ, ಸೋಸಿ, ಮೂಗಿನ ನಳಿಕೆಯಿಂದ ಸಣ್ಣ ಕರುಳಿಗೆ ಬಿಟ್ಟರು. 13 ಜನ ಒಂದೇ ಸಲಕ್ಕೆ ವಾಸಿ. ಬರೀ ವ್ಯಾಂಕೊಮೈಸಿನ್ ಅನ್ನುವ ಆಂಟಿಬಯೋಟಿಕ್ ಕೊಟ್ಟ 13 ಜನರಲ್ಲಿ 4 ಮಂದಿ ಮಾತ್ರ. ಎಷ್ಟು ಎದ್ದು ಕಾಣುವ ಅಂತರ ಅಂದರೆ ಪ್ರಯೋಗ ಮಧ್ಯದಲ್ಲೇ ನಿಲ್ಲಿಸಿದರು.

ಆದರೆ ಅದು ಆ ಕಾಯಿಲೆಗೆ. ಮಲ ಕೊಡುವವರನ್ನು ಹತ್ತಾರು ಪರೀಕ್ಷೆ ಮಾಡಿ ಆರಿಸುತ್ತಾರೆ. ಹಾಗಿದ್ದೂ 2019ರಲ್ಲಿ ಅಮೆರಿಕದಲ್ಲಿ ಒಬ್ಬ ರೋಗಿ ತೀರಿಕೊಂಡರು, ಯಾವ ಔಷಧಿಗೂ ಸುಲಭಕ್ಕೆ ಬಗ್ಗದ ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ ಆ ಮಲದಲ್ಲಿತ್ತು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುವ ನಿಮ್ಮ ಯಜಮಾನರಂಥವರಿಗೆ ಇದು ಆಟ ಅಲ್ಲ.

"ಕಾರಣವಾದ ಬ್ಯಾಕ್ಟೀರಿಯಾ ಸಿಕ್ಕಿದೆ" ಅನ್ನುವುದಕ್ಕೆ ಬಂದರೆ, ಕ್ರೋನ್ಸ್ ಇರುವವರ ಕರುಳಿನಲ್ಲಿ ಫೀಕಲಿಬ್ಯಾಕ್ಟೀರಿಯಂ ಅನ್ನುವ ಒಂದು ಜಾತಿ ಕಡಿಮೆ ಇರುತ್ತೆ ಅಂತ 2008ರಲ್ಲಿ ಫ್ರಾನ್ಸಿನವರು ತೋರಿಸಿದರು. ಅದು ನಾರು ತಿಂದು ಬ್ಯೂಟಿರೇಟ್ ಮಾಡುತ್ತೆ, ದೊಡ್ಡ ಕರುಳಿನ ಒಳಪದರಕ್ಕೆ ಅದೇ ಊಟ. ಚೆನ್ನಾಗಿದೆ. ಹಾಗಾದರೆ ಅದು ಕಡಿಮೆ ಆಗಿದ್ದರಿಂದ ಕಾಯಿಲೆ ಬಂತಾ, ಕಾಯಿಲೆ ಬಂದಿದ್ದರಿಂದ ಕಡಿಮೆ ಆಯಿತಾ? ಬೇಧಿ, ಆಂಟಿಬಯೋಟಿಕ್, ಊಟ ಬಿಟ್ಟಿದ್ದು, ಎಲ್ಲವೂ ಅದನ್ನು ಕಡಿಮೆ ಮಾಡಬಲ್ಲವು. ಮಾರ್ಷಲ್ ಥರ ಒಂದು ಲೋಟ ಕುಡಿದು ನೋಡಲೂ ಆಗಲ್ಲ. ಆ ಜೀವಿಗೆ ಗಾಳಿ ಸೋಕಿದರೆ ನಿಮಿಷಗಳಲ್ಲಿ ಸಾಯುತ್ತೆ.

ನಾವು ಅಂಥವನ್ನು ಬೆಳೆಸಲು ಆಕ್ಸಿಜನ್ ಇಲ್ಲದ ಒಂದು ಪೆಟ್ಟಿಗೆ ಇಟ್ಟಿದ್ದೆವು. ಪ್ಲಾಸ್ಟಿಕ್ ಗುಡಾರದ ಥರ ಇರುತ್ತೆ, ಅದಕ್ಕೇ ಅಂಟಿಸಿದ ಉದ್ದನೆ ಕೈಗವಸಿನೊಳಗೆ ಭುಜದವರೆಗೆ ಕೈ ತೂರಿಸಿ ಕೆಲಸ ಮಾಡಬೇಕು. ಮೂಗು ತುರಿಸಿದರೂ ಕೈ ತೆಗೆಯುವ ಹಾಗಿಲ್ಲ. ಒಂದು ಸಲ ಬಲಗೈ ಗವಸಿನ ಹೆಬ್ಬೆರಳಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿದ್ದು ಯಾರಿಗೂ ಗೊತ್ತಾಗಲಿಲ್ಲ. ಮೂರು ವಾರ ಒಂದೂ ಬೆಳೆಯಲಿಲ್ಲ. ನಾನು ತಟ್ಟೆ ಸರಿ ಇಲ್ಲ ಅಂತ ಅದನ್ನು ಬೈದೆ, ಡಬ್ಬಿ ತಂದ ಹುಡುಗನನ್ನು ಬೈದೆ. ಕೊನೆಗೆ ಗವಸಿಗೆ ಸೋಪು ನೀರು ಹಚ್ಚಿ ನೋಡಿದರೆ ಗುಳ್ಳೆ ಎದ್ದಿತು, ಸೈಕಲ್ ಟ್ಯೂಬ್ ಪಂಕ್ಚರ್ ನೋಡುವ ಹಾಗೆ.

ಈ ಕ್ಷೇತ್ರದಲ್ಲಿ "ಸಿಕ್ಕಿತು" ಅನ್ನುವ ಸುದ್ದಿ ಬಂದರೆ ನನಗೆ ಮೊದಲು ಆ ಹೆಬ್ಬೆರಳು ನೆನಪಾಗುತ್ತೆ.

*

ಅಜ್ಜಿ_ಹೇಳಿದ್ದು:

ಇಷ್ಟೆಲ್ಲ ಯಾಕೆ? ನಮ್ಮ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಇಡ್ಲಿ, ದೋಸೆ, ಮಜ್ಜಿಗೆ, ತಂಗಳನ್ನ ಎಲ್ಲವೂ ಪ್ರೋಬಯೋಟಿಕ್. ಬೇಧಿ ಆದರೆ ಉಪ್ಪು ಹಾಕಿದ ಗಂಜಿ. ಈಗ ವಿದೇಶದವರು ಹೇಳಿದ ಮೇಲೆ ನಮಗೆ ಜ್ಞಾನೋದಯ.

*

ಪೆಟ್ರಿ_ತಟ್ಟೆ:

ಅರ್ಧ ಒಪ್ಪುತ್ತೇನೆ. ಇಡ್ಲಿ ಹಿಟ್ಟು ಉಕ್ಕುವುದು ಬ್ಯಾಕ್ಟೀರಿಯಾದಿಂದಲೇ, ಆದರೆ ಹಬೆಯಲ್ಲಿ ಬೆಂದ ಮೇಲೆ ಅವು ಬದುಕಿರಲ್ಲ. ಇಡ್ಲಿ ಒಳ್ಳೆಯ ಊಟ, ಹಗುರ, ಆದರೆ ಜೀವಂತ ಬ್ಯಾಕ್ಟೀರಿಯಾ ಬೇಕಂದರೆ ಮೊಸರು, ಮಜ್ಜಿಗೆ.

ಗಂಜಿ ವಿಷಯ ಮಾತ್ರ ಮಜಾ ಇದೆ, ಮತ್ತು ಇದು ವಿದೇಶದವರು ಹೇಳಿದ್ದಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಬಿ.ಎಸ್. ರಾಮಕೃಷ್ಣ ಅವರ ತಂಡ ಕಾಲರಾ ಬಂದ 48 ಜನರ ಮೇಲೆ ಮಾಡಿದ ಪ್ರಯೋಗ 2000ದಲ್ಲಿ ಪ್ರಕಟವಾಯಿತು. ಮೂರನೇ ಒಂದು ಭಾಗಕ್ಕೆ ಮಾಮೂಲಿ ಓಆರ್‌ಎಸ್, ಇನ್ನೊಂದಕ್ಕೆ ಅಕ್ಕಿ ಹಿಟ್ಟು ಸೇರಿಸಿದ್ದು, ಮತ್ತೊಂದಕ್ಕೆ ಸುಲಭಕ್ಕೆ ಜೀರ್ಣವಾಗದ ಒಂದು ಜಾತಿ ಮೆಕ್ಕೆಜೋಳದ ಪಿಷ್ಟ ಸೇರಿಸಿದ್ದು. ಲೆಕ್ಕಾಚಾರ ಏನಂದರೆ, ಈ ಪಿಷ್ಟ ಸಣ್ಣ ಕರುಳಿನಲ್ಲಿ ಕರಗದೆ ದೊಡ್ಡ ಕರುಳಿಗೆ ಬೀಳುತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಸಣ್ಣ ಕೊಬ್ಬಿನಾಮ್ಲ ಮಾಡುತ್ತವೆ. ಆ ಆಮ್ಲ ಇದ್ದರೆ ದೊಡ್ಡ ಕರುಳು ಉಪ್ಪನ್ನು ಎಳೆದುಕೊಳ್ಳುತ್ತೆ, ಉಪ್ಪಿನ ಹಿಂದೆ ನೀರು. ಕಾಲರಾ ಕಾಟ ಕೊಡುವುದು ಸಣ್ಣ ಕರುಳಿನಲ್ಲಿ, ದೊಡ್ಡ ಕರುಳನ್ನು ಕೆಲಸಕ್ಕೆ ಹಚ್ಚಿ ಅಂತ ಅವರ ಯೋಚನೆ. ಗೆದ್ದಿದ್ದು ಆ ಜೋಳದ ಪಿಷ್ಟ. ಬೇಧಿ ಬೇಗ ನಿಂತಿತು. ಅಕ್ಕಿ ಹಿಟ್ಟಿನ ಗುಂಪು ಅಷ್ಟು ಮುಂದೆ ಬರಲಿಲ್ಲ. ಅದಕ್ಕೆ "ಅಜ್ಜಿ ಗೆದ್ದಳು" ಅಂತ ಪೂರ್ತಿ ಹೇಳಲಾರೆ, ಅನ್ನ ಬೇಯಿಸಿ ಆರಿಸಿದರೆ ಇಂಥ ಪಿಷ್ಟ ಸ್ವಲ್ಪ ಜಾಸ್ತಿ ಆಗುತ್ತೆ ಅನ್ನೋದು ನಿಜ, ಆದ್ದರಿಂದ ತಂಗಳನ್ನಕ್ಕೆ ಅರ್ಧ ಅಂಕ.

ಇನ್ನೊಂದು ಇದೆ, ನನಗೆ ತುಂಬ ಇಷ್ಟ. ಬಾಂಗ್ಲಾದೇಶದ ಢಾಕಾದಲ್ಲಿ, ಮೀರ್‌ಪುರದ ಕೊಳೆಗೇರಿಯ ಸೊರಗಿದ ಮಕ್ಕಳಿಗೆ ತಹ್ಮೀದ್ ಅಹ್ಮದ್ ಮತ್ತು ಅಮೆರಿಕದ ಜೆಫ್ರಿ ಗಾರ್ಡನ್ ತಂಡದವರು ಬ್ಯಾಕ್ಟೀರಿಯಾ ಕೊಡಲಿಲ್ಲ, ಬ್ಯಾಕ್ಟೀರಿಯಾಕ್ಕೆ ಊಟ ಕೊಟ್ಟರು. ಕಡಲೆ, ಸೋಯಾ, ಕಡಲೆಕಾಯಿ, ಬಾಳೆಕಾಯಿ. 2021ರಲ್ಲಿ ಫಲಿತಾಂಶ ಬಂತು. ಮಾಮೂಲಿ ಪೌಷ್ಟಿಕ ಆಹಾರಕ್ಕಿಂತ ಇದರಲ್ಲಿ ಕ್ಯಾಲೊರಿ ಕಡಿಮೆ, ಆದರೂ ಮಕ್ಕಳ ತೂಕ ಚೆನ್ನಾಗಿ ಏರಿತು. ಪರಿಷೆಯಲ್ಲಿ ಸೇರುಗಟ್ಟಲೆ ಕೊಂಡು ತಿನ್ನುವ ಅದೇ ಕಡಲೆಕಾಯಿ.

ಹಿರಿಯರಿಗೆ "ಗೊತ್ತಿತ್ತು" ಅಂತ ನಾನು ಹೇಳಲ್ಲ. ಅವರು ಮಾಡುತ್ತಿದ್ದರು. ಯಾವುದು ಯಾಕೆ ಕೆಲಸ ಮಾಡುತ್ತೆ ಅಂತ ನೋಡಿದ್ದು ಇವರು. ನಮ್ಮ ಹಿರಿಯರೇ ಹುಣ್ಣಿಗೆ ಎರಡು ಗಂಟೆಗೊಮ್ಮೆ ಹಾಲನ್ನೂ ಕೊಟ್ಟಿದ್ದರು, ತಾತನ ಪೋಸ್ಟ್ ನೋಡಿ.

*

ಪೇಟೆ_ತಾತ:

ಹಾಲು ಹೇಳಿದ್ದು ಡಾಕ್ಟರಪ್ಪ, ಹಿರಿಯರಲ್ಲ.

*

ಪೆಟ್ರಿ_ತಟ್ಟೆ:

ತಪ್ಪಾಯಿತು ತಾತ. ವಾಪಸ್ ತಗೊಂಡೆ.

*

ಕತ್ರಿಗುಪ್ಪೆ_ಕಾಫಿ:

ಎರಡೂವರೆ ತಿಂಗಳ ಮೇಲೆ ಬರೆಯುತ್ತಾ ಇದ್ದೇನೆ. ಯಾರಿಗಾದರೂ ಉಪಯೋಗ ಆಗಲಿ ಅಂತ.

14 ದಿನ ಪೂರ್ತಿ ತಗೊಂಡೆ. ತಾತ ಹೇಳಿದ ತುಕ್ಕು ಮೊಳೆ ನಿಜ, ಕಾಫಿ ಕೂಡ ಕಾಫಿ ಥರ ಇರಲಿಲ್ಲ. ಆರನೇ ದಿನದಿಂದ ಹೊಟ್ಟೆ ಸಡಿಲ. ಡಾಕ್ಟರಿಗೆ ಫೋನ್ ಮಾಡಿದೆ, ಒಂದು ಪ್ರೋಬಯೋಟಿಕ್ ಬರೆದರು, ಐದು ದಿನಕ್ಕೆ, ಅಷ್ಟೇ. ಜಿಮ್‌ನವರ ಪುಡಿ ತಗೊಳ್ಳಲಿಲ್ಲ. ಅವರು ಈಗ ನನ್ನ ಕಂಡರೆ ಟ್ರೆಡ್‌ಮಿಲ್ ಕಡೆ ತಿರುಗುತ್ತಾರೆ.

ಕೋರ್ಸ್ ಮುಗಿದ ಕೂಡಲೇ ಟೆಸ್ಟ್ ಮಾಡಿಸಿದರೆ ಸುಳ್ಳು ನೆಗೆಟಿವ್ ಬರಬಹುದಂತೆ. ಆಂಟಿಬಯೋಟಿಕ್ ಮುಗಿದು ಕನಿಷ್ಠ 4 ವಾರ, ಆಸಿಡ್ ಮಾತ್ರೆ ಬಿಟ್ಟು 2 ವಾರ ಆಗಿರಬೇಕು ಅಂದರು. ರಕ್ತ ಪರೀಕ್ಷೆ ಇದಕ್ಕೆ ಆಗಲ್ಲವಂತೆ, ಬ್ಯಾಕ್ಟೀರಿಯಾ ಹೋದರೂ ರಕ್ತದಲ್ಲಿ ಗುರುತು ತುಂಬ ದಿನ ಉಳಿಯುತ್ತಂತೆ. ಆದ್ದರಿಂದ ಕಾದು, ಯೂರಿಯಾ ಉಸಿರಿನ ಟೆಸ್ಟ್ ಮಾಡಿಸಿದೆ. ಒಂದು ಗುಳಿಗೆ ನುಂಗಿ, ಕೂತು, ಒಂದು ಚೀಲಕ್ಕೆ ಊದುವುದು. ಮಗಳ ಹುಟ್ಟುಹಬ್ಬಕ್ಕೆ ಬಲೂನ್ ಊದಿದಷ್ಟೇ ಕಷ್ಟ. ನೆಗೆಟಿವ್!

ಗಂಡ, ಮಗಳ ಬಗ್ಗೆ ಕೇಳಿದೆ. ಇದು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ, ಮನೆಯವರಿಂದಲೇ ಅಂಟುವಂಥದ್ದು, ನಮ್ಮ ದೇಶದಲ್ಲಿ ತುಂಬ ಜನರಲ್ಲಿ ಇರುತ್ತೆ, ಹೆಚ್ಚಿನವರಿಗೆ ಏನೂ ತೊಂದರೆ ಆಗಲ್ಲ, ಇಬ್ಬರಿಗೂ ಲಕ್ಷಣ ಇಲ್ಲದಿದ್ದರೆ ಈಗ ಬೇಡ ಅಂದರು. ಗಂಡನ ಕಡೆ ಯಾರಿಗಾದರೂ ಹೊಟ್ಟೆ ಕ್ಯಾನ್ಸರ್ ಇತ್ತಾ ಅಂತ ಕೇಳಿದರು, ಇದ್ದಿದ್ದರೆ ಮಾತು ಬೇರೆ ಅಂತೆ. ಇಲ್ಲ ಅಂದೆ.

ರಾತ್ರಿ 2 ಗಂಟೆಯ ನೋವು ಪೂರ್ತಿ ಹೋಗಿದೆ. ಪ್ಯಾಂಟೊಪ್ರಜೋಲ್ ನಿಲ್ಲಿಸಿ ಒಂದು ತಿಂಗಳಾಯಿತು. ಮೆಡಿಕಲ್ ಶಾಪ್ ಹುಡುಗ "ಏನ್ ಮೇಡಂ, ಅಂಗಡಿ ಬದಲಾಯಿಸಿಬಿಟ್ರಾ" ಅಂತ ಕೇಳಿದ.

ಆದರೆ ಸಂಜೆಯ ಉಬ್ಬರ ಹಾಗೇ ಇದೆ! ಹುಣ್ಣಿನ ಜೊತೆ ಅದೂ ಹೋಗುತ್ತೆ ಅಂದುಕೊಂಡಿದ್ದೆ. ಡಾಕ್ಟರನ್ನು ಕೇಳಿದರೆ "ಅದು ಬೇರೆ ಲೆಕ್ಕ" ಅಂದರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕಾಳು ಎರಡು ಮೂರು ವಾರ ಕಡಿಮೆ ಮಾಡಿ, ಆಮೇಲೆ ಒಂದೊಂದಾಗಿ ವಾಪಸ್ ಸೇರಿಸಿ ಯಾವುದಕ್ಕೆ ಉಬ್ಬರ ಬರುತ್ತೆ ಅಂತ ಬರೆದಿಡಿ ಅಂದರು. ಶುರು ಮಾಡಬೇಕು. ಪೆಟ್ರಿ ಅವರೇ, ಇದರಲ್ಲಿ ಅವರೆಕಾಳೂ ಸೇರುತ್ತಾ? ಮಾರ್ಕೆಟ್‌ನಲ್ಲಿ ಸೊಗಡವರೆ ಬಂದಿದೆ.

*

ಪೆಟ್ರಿ_ತಟ್ಟೆ:

ನೆಗೆಟಿವ್ ಬಂದಿದ್ದು ತುಂಬ ಖುಷಿ!

ಅವರೆಕಾಳು ಸೇರುತ್ತೆ ಮೇಡಂ. ಅದರಲ್ಲಿರುವ ಒಂದು ಥರ ಸಕ್ಕರೆಯನ್ನು ನಮ್ಮ ಸಣ್ಣ ಕರುಳು ಜೀರ್ಣ ಮಾಡಲಾರದು, ಪೂರ್ತಿ ಬ್ಯಾಕ್ಟೀರಿಯಾ ಪಾಲು. ಅವು ತಿಂದಾಗ ಬರುವುದೇ ಗ್ಯಾಸ್. ಮೂರು ವಾರ ಆದ ಮೇಲೆ ವಾಪಸ್ ಸೇರಿಸುವ ಪಟ್ಟಿಯಲ್ಲಿ ಅದನ್ನೇ ಮೊದಲು ಇಟ್ಟುಕೊಳ್ಳಿ. ಜನವರಿ ಮುಗಿಯುವುದರೊಳಗೆ ಲೆಕ್ಕ ಹಾಕಿ ಶುರು ಮಾಡಿ.

*

ಮೂಲಂಗಿ_ಹುಳಿ:

ಹಿತಕಿದ ಬೇಳೆ ಸಾರು ಬಿಟ್ಟು ಮೂರು ವಾರ ಇರಿ ಅಂತ ಡಿಸೆಂಬರ್‌ನಲ್ಲಿ ಹೇಳಿದ ಆ ಡಾಕ್ಟರು ಬೆಂಗಳೂರಿನವರೇನಾ?